ಹೊಂಗೆ ಎಣ್ಣೆ: ಹಣತೆಯಿಂದ ಡೀಸೆಲ್ ಟ್ಯಾಂಕಿನವರೆಗೆ

ಜೈವಿಕ ಇಂಧನ ಎಂದೊಡನೆ ಈಗ ಎಲ್ಲರ ಮನಸ್ಸಿಗೆ ಬರುವುದು ಪೆಟ್ರೋಲಿಗೆ ಬೆರೆಸುವ ಎಥೆನಾಲ್. ಕಬ್ಬು, ಮೆಕ್ಕೆಜೋಳ, ಬೈಕಿನ ಮೈಲೇಜು ಎಂದು ಚರ್ಚೆಯೆಲ್ಲ ಅದರ ಸುತ್ತಲೇ ಸುತ್ತುತ್ತಿದೆ. ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಕರ್ನಾಟಕದಲ್ಲಿ ಇದೇ ಮಾತನ್ನು ಆಡಿದರೆ ಕೇಳಿದವರು ಹೊಂಗೆ ಮರದ ಕಡೆ ನೋಡುತ್ತಿದ್ದರು. ಬದುವಿನ ಮೇಲೆ ನಿಂತ ಮರದಿಂದ ಬಸ್ಸು ಓಡುತ್ತದೆ, ಊರಿಗೆ ಕರೆಂಟು ಬರುತ್ತದೆ, ಬೀಜ ಆಯ್ದವರ ಕೈಗೆ ಕಾಸು ಸಿಗುತ್ತದೆ ಎಂಬ ಭರವಸೆ ಆಗ ಗಟ್ಟಿಯಾಗಿತ್ತು. ಆ ಮಾತು ಎಲ್ಲಿಂದ ಹೊರಟು ಎಲ್ಲಿಗೆ ಬಂದು ನಿಂತಿತು ಎಂಬುದು ಈಗ ಸರ್ಕಾರಿ ಆದೇಶಗಳು, ಯೋಜನೆಗಳ ಹೆಸರುಗಳು ಮತ್ತು ಶೇಕಡಾವಾರು ಗುರಿಗಳ ನಡುವೆ ಸಿಕ್ಕುಸಿಕ್ಕಾಗಿದೆ. ಆ ಸಿಕ್ಕನ್ನು ಬಿಡಿಸಲು ಮರದಿಂದಲೇ ಆರಂಭಿಸುವುದು ಒಳ್ಳೆಯದು.

ಹೊಂಗೆ ನಮ್ಮ ನೆಲದ್ದೇ ಮರ. ಅವರೆ, ತೊಗರಿಗಳ ಬಳಗಕ್ಕೆ ಸೇರಿದ ಇದು ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳ ಮೂಲಕ ಮಣ್ಣಿಗೆ ಕಟ್ಟಿಕೊಡುತ್ತದೆ. ಬೇಸಿಗೆ ಏರುವ ಹೊತ್ತಿಗೆ, ಉಳಿದ ಮರಗಳು ಬೋಳಾಗಿರುವಾಗ, ಇದು ತಿಳಿಹಸಿರು ಚಿಗುರು ಹೊತ್ತು ನಿಲ್ಲುತ್ತದೆ. ಬೆಂಗಳೂರಿನ ಹಳೆಯ ಬಡಾವಣೆಗಳ ಸಾಲುಮರಗಳಲ್ಲಿ ಹೊಂಗೆಗೆ ದೊಡ್ಡ ಪಾಲಿದೆ. ಗದ್ದೆಗೆ ಸೊಪ್ಪು ತುಳಿಸುವ ಪದ್ಧತಿ ಇದ್ದ ಕಡೆಯಲ್ಲೆಲ್ಲ ಹೊಂಗೆ ಸೊಪ್ಪಿಗೆ ಬೇಡಿಕೆಯಿತ್ತು. ಬೀಜದಲ್ಲಿ ಸುಮಾರು ಮೂರನೇ ಒಂದು ಪಾಲು ಎಣ್ಣೆ. ಆದರೆ ಅದರಲ್ಲಿ ಕರಂಜಿನ್, ಪೊಂಗಮಾಲ್ ಎಂಬ ಕಹಿ ವಸ್ತುಗಳಿರುವುದರಿಂದ ಎಣ್ಣೆ ಅಡುಗೆಗೆ ಬಾರದು, ಹಿಂಡಿಯನ್ನು ದನವೂ ಮೂಸುವುದಿಲ್ಲ. ಈ ಮರದ ಚರಿತ್ರೆಯ ಮುಖ್ಯ ತಿರುವುಗಳೆಲ್ಲ ಈ ಕಹಿಗೆ ಬಂದು ತಗಲುತ್ತವೆ.

ಉಣ್ಣಲು ಬಾರದ ಎಣ್ಣೆಗೆ ಹಳೆಯ ಕಾಲದಲ್ಲಿ ಕೆಲಸಗಳ ಕೊರತೆ ಇರಲಿಲ್ಲ. ಹಣತೆಗೆ ಮತ್ತು ಪಂಜಿಗೆ, ಚರ್ಮ ಹದಮಾಡಲು, ಕಜ್ಜಿ ತುರಿಕೆಗಳಿಗೆ ಹಚ್ಚಲು ಹೊಂಗೆ ಎಣ್ಣೆ ಬಳಕೆಯಾಗುತ್ತಿತ್ತು. ಆಯುರ್ವೇದದಲ್ಲಿ ಕರಂಜ ತೈಲ ಎಂದು ಕರೆಯುವುದು ಇದನ್ನೇ. ಗಾಣದಲ್ಲಿ ಉಳಿದ ಹಿಂಡಿ ಅಡಿಕೆ, ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಅದು ಗೊಬ್ಬರವೂ ಹೌದು, ಗೆದ್ದಲಿಗೆ ಔಷಧಿಯೂ ಹೌದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಸೀಮೆಎಣ್ಣೆ ಹಳ್ಳಿಗಳಿಗೆ ಬಂತು, ಹೊಂಗೆ ಎಣ್ಣೆ ದೀಪದಿಂದ ಇಳಿಯಿತು. ಸ್ವಾತಂತ್ರ್ಯಾನಂತರ ಖಾದಿ ಮತ್ತು ಗ್ರಾಮೋದ್ಯೋಗ ವಲಯವು ಬೇವು, ಹಿಪ್ಪೆ, ಹೊಂಗೆಗಳಂಥ ತಿನ್ನಬಾರದ ಎಣ್ಣೆಗಳನ್ನು ಸಾಬೂನಿಗೆ ತಿರುಗಿಸುವ ಪ್ರಯತ್ನ ಮಾಡಿತು. ಮುಂದಿನ ನಾಲ್ಕು ದಶಕಗಳಲ್ಲಿ ಹೊಂಗೆ ಬೀಜವೆಂದರೆ ಬೇಸಿಗೆಯಲ್ಲಿ ಬೇರೆ ಕೂಲಿ ಇಲ್ಲದವರು ಆಯ್ದು ಸಂತೆಗೆ ತರುವ ಸರಕು, ಅಷ್ಟೇ.

ಸಸ್ಯದ ಎಣ್ಣೆಯಿಂದ ಎಂಜಿನ್ ಓಡಿಸುವ ವಿಚಾರವಂತೂ ಡೀಸೆಲ್ ಎಂಜಿನ್ನಿನಷ್ಟೇ ಹಳೆಯದು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಪುಟ್ಟ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು, ಮತ್ತು ನೋಡಿದವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಆಗಲಿಲ್ಲ ಎಂದು ರುಡಾಲ್ಫ್ ಡೀಸೆಲ್ ಆಮೇಲೆ ದಾಖಲಿಸಿದ್ದಾರೆ. ಪೆಟ್ರೋಲಿಯಂ ಅಗ್ಗವಾಗಿದ್ದಷ್ಟು ಕಾಲ ಆ ವಿಚಾರಕ್ಕೆ ಹೆಚ್ಚು ಗಮನ ಸಿಗಲಿಲ್ಲ.

ಕರ್ನಾಟಕದಲ್ಲಿ ಅದನ್ನು ಮತ್ತೆ ಕೈಗೆತ್ತಿಕೊಂಡದ್ದು 1990ರ ದಶಕದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು. ‘ಸೂತ್ರ’ ಎಂಬ ಗ್ರಾಮೀಣ ಯೋಜನೆಯಡಿ ಅವರು ಮಾಡಿದ್ದು ಕೇಳಲು ಸರಳ: ಡೀಸೆಲ್ ಜನರೇಟರಿಗೆ ಹೊಂಗೆ ಎಣ್ಣೆಯನ್ನೇ ಹಾಕಿ, ಆ ವಿದ್ಯುತ್ತಿನಿಂದ ಕೊಳವೆಬಾವಿಯ ನೀರೆತ್ತಿ ಹೊಲಗಳಿಗೆ ಹಾಯಿಸುವುದು. ಕಗ್ಗನಹಳ್ಳಿಯಲ್ಲಿ ಈ ವ್ಯವಸ್ಥೆ ನಡೆಯಿತು. ಅದೇ ಆಸುಪಾಸಿನ ವರ್ಷಗಳಲ್ಲಿ ದಾಂಡೇಲಿಯ ಒಂದು ಲೋಹದ ಕಾರ್ಖಾನೆಯೂ ತನ್ನ ದೊಡ್ಡ ಜನರೇಟರುಗಳನ್ನು ಹೊಂಗೆ ಎಣ್ಣೆಯಲ್ಲಿ ಓಡಿಸಿತು. ಇಲ್ಲಿ ಗಮನಿಸಬೇಕಾದದ್ದು, ಈ ಎಣ್ಣೆ ಬಯೋಡೀಸೆಲ್ ಆಗಿರಲಿಲ್ಲ. ಗಾಣದಿಂದ ಬಂದ ಎಣ್ಣೆಯನ್ನು ಸೋಸಿ ನೇರವಾಗಿ ಎಂಜಿನ್ನಿಗೆ ಹಾಕಲಾಗುತ್ತಿತ್ತು. ಒಂದೇ ಕಡೆ ನಿಂತು, ಒಂದೇ ವೇಗದಲ್ಲಿ, ಬಿಸಿಯಾಗಿ ಓಡುವ ಎಂಜಿನ್ ಅಂಥ ಗಟ್ಟಿ ಎಣ್ಣೆಯನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ. ಬೀಜ ಊರಿನದು, ಗಾಣ ಹತ್ತಿರದ್ದು, ಹಿಂಡಿ ಮತ್ತೆ ಊರಿನ ಹೊಲಕ್ಕೆ, ನೀರು ಅದೇ ಹೊಲಕ್ಕೆ. ಪೇಟೆಯ ಡೀಸೆಲ್ ದರದ ಜತೆ ಹೋಲಿಸಿದರೆ ಮಾತ್ರ ಈ ಏರ್ಪಾಟು ದುಬಾರಿಯಾಗಿ ಕಾಣಬಹುದು. ಆದರೆ ಊರಿನ ದೃಷ್ಟಿಯಿಂದ ಅದು ನೀರಿನ ಲೆಕ್ಕವಾಗಿತ್ತೇ ಹೊರತು ಡೀಸೆಲ್ಲಿನ ಲೆಕ್ಕವಾಗಿರಲಿಲ್ಲ. ಈ ವ್ಯತ್ಯಾಸ ಮುಂದೆ ಯಾವ ಕಡತದಲ್ಲಿಯೂ ಸರಿಯಾಗಿ ಉಳಿಯಲಿಲ್ಲವೆಂದು ತೋರುತ್ತದೆ.

ಬಸ್ಸು, ಲಾರಿಗಳ ಎಂಜಿನ್ನಿನ ಮಾತು ಬೇರೆ. 40 ಡಿಗ್ರಿ ಬಿಸಿಯಲ್ಲಿ ಕೂಡ ಹೊಂಗೆ ಎಣ್ಣೆ ಡೀಸೆಲ್ಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಮಂದವಾಗಿರುತ್ತದೆ. ಇಂಜೆಕ್ಟರಿನ ಸಣ್ಣ ತೂತಿನಿಂದ ಅದು ತುಂತುರಾಗಿ ಹೊರಬೀಳದೆ, ಅರೆಬೆಂದು, ಮಸಿ ಕಟ್ಟುತ್ತದೆ. ಅದಕ್ಕೆ ಉಪಾಯವೆಂದರೆ ಎಣ್ಣೆಯ ಅಣುವನ್ನೇ ಒಡೆಯುವುದು. ಎಣ್ಣೆಯ ಪ್ರತಿ ಅಣುವಿನಲ್ಲಿ ಮೂರು ಕೊಬ್ಬಿನಾಮ್ಲದ ಸರಪಳಿಗಳು ಒಂದು ಗ್ಲಿಸರಿನ್ನಿಗೆ ಅಂಟಿಕೊಂಡಿರುತ್ತವೆ. ಕಾಸ್ಟಿಕ್ ಸೋಡಾ ಕರಗಿಸಿದ ಮೆಥನಾಲನ್ನು ಸೇರಿಸಿ ಸುಮಾರು 60 ಡಿಗ್ರಿಯಲ್ಲಿ ಕಲಕಿದರೆ ಸರಪಳಿಗಳು ಬಿಡಿಬಿಡಿಯಾಗಿ ಮೆಥನಾಲಿಗೆ ಅಂಟುತ್ತವೆ, ಗ್ಲಿಸರಿನ್ ತಳಕ್ಕಿಳಿಯುತ್ತದೆ. ಮೇಲೆ ನಿಂತದ್ದು ಬಯೋಡೀಸೆಲ್. ನೂರು ಕೆಜಿ ಎಣ್ಣೆಗೆ ಹತ್ತು ಹನ್ನೊಂದು ಕೆಜಿ ಮೆಥನಾಲ್ ಹೋಗುತ್ತದೆ, ಹೆಚ್ಚುಕಡಿಮೆ ನೂರು ಕೆಜಿ ಬಯೋಡೀಸೆಲ್ ಮತ್ತು ಹತ್ತು ಕೆಜಿ ಗ್ಲಿಸರಿನ್ ಬರುತ್ತದೆ. ಒಂದು ತೊಡಕೆಂದರೆ, ಹಳೆಯ ಅಥವಾ ಮಳೆಯಲ್ಲಿ ನೆನೆದ ಬೀಜದ ಎಣ್ಣೆ ಹುಳಿಯಾಗಿರುತ್ತದೆ. ಹುಳಿ ಹೆಚ್ಚಿದ್ದರೆ ಅದೇ ಸೋಡಾದಿಂದ ಬಯೋಡೀಸೆಲ್ ಬದಲು ಸಾಬೂನಿನ ನೊರೆ ಏಳುತ್ತದೆ. ಹಾಗಾಗದಂತೆ ಮೊದಲು ಆಮ್ಲ ಹಾಕಿ ಇನ್ನೊಂದು ಸುತ್ತು ಕಾಯಿಸಬೇಕು. ಅಂದರೆ ಬೀಜವನ್ನು ಒಣಗಿಸಿ, ಗೋಣಿಚೀಲದಲ್ಲಿ ಬೆಚ್ಚಗೆ ಇಟ್ಟವರ ಶ್ರಮದ ಮೇಲೆ ಕಾರ್ಖಾನೆಯ ಖರ್ಚು ನಿಂತಿತ್ತು. ಆ ಶ್ರಮಕ್ಕೆ ಪ್ರತ್ಯೇಕ ದರವಿರಲಿಲ್ಲ.

ದೆಹಲಿಯ ಮಟ್ಟದಲ್ಲಿ ವೇಗ ಬಂದದ್ದು 2002ರ ಸುಮಾರಿಗೆ. ಆ ವರ್ಷದ ಕೊನೆಯ ದಿನ ದೆಹಲಿ–ಅಮೃತಸರ ಶತಾಬ್ದಿ ರೈಲನ್ನು ಶೇ 5ರಷ್ಟು ಬಯೋಡೀಸೆಲ್ ಬೆರೆಸಿ ಓಡಿಸಿ ನೋಡಲಾಯಿತು. 2003ರಲ್ಲಿ ಯೋಜನಾ ಆಯೋಗದ ಸಮಿತಿಯ ವರದಿ ಬಂತು. ಅದು ಕೈಹಿಡಿದದ್ದು ಹೊಂಗೆಯನ್ನಲ್ಲ, ಜಟ್ರೋಫಾವನ್ನು, ಅಂದರೆ ನಾವು ಕಾಡುಹರಳು ಎನ್ನುವ, ಮೂಲತಃ ಮೆಕ್ಸಿಕೋ ಕಡೆಯಿಂದ ಬಂದ ಗಿಡವನ್ನು. ಮೊದಲ ಹಂತದಲ್ಲಿ 4 ಲಕ್ಷ ಹೆಕ್ಟೇರ್, ಒಟ್ಟಾರೆ 134 ಲಕ್ಷ ಹೆಕ್ಟೇರ್ ಭೂಮಿ ಇದಕ್ಕೆ ಒದಗೀತೆಂದು ಅಂದಾಜು. ಎರಡು ಮೂರು ವರ್ಷದಲ್ಲೇ ಕಾಯಿ ಬಿಡುತ್ತದೆ, ಬರಡಿನಲ್ಲೂ ಬೆಳೆಯುತ್ತದೆ ಎಂಬುದು ಅದರ ಹೆಗ್ಗಳಿಕೆ. ಬರಡಿನಲ್ಲಿ ಬೆಳೆಯುವುದು ನಿಜ. ಬರಡಿನಲ್ಲಿ ಫಲ ಕೊಡುವುದು ಬೇರೆ ಎಂಬುದು ನೆಟ್ಟವರಿಗೆ ತಿಳಿಯಲು ಮೂರ್ನಾಲ್ಕು ಬೇಸಿಗೆ ಬೇಕಾದವು. ‘ಬರಡು’ ಎಂದು ಕಾಗದದಲ್ಲಿ ಬರೆದ ಜಾಗವನ್ನು ಕುರಿ ಮೇಯಿಸುವವರು ಗೋಮಾಳವೆಂದು ಕರೆಯುತ್ತಾರೆ ಎಂಬುದೂ ಅದೇ ಹೊತ್ತಿಗೆ ನೆನಪಾಯಿತು.

ಕರ್ನಾಟಕ ಈ ವಿಷಯದಲ್ಲಿ ಹೆಚ್ಚು ವಿವೇಕದಿಂದ ನಡೆಯಿತೆಂದೇ ಹೇಳಬೇಕು. ವೈ.ಬಿ. ರಾಮಕೃಷ್ಣ ಅವರ ನೇತೃತ್ವದ ಕಾರ್ಯಪಡೆ, 2009ರ ರಾಜ್ಯ ಜೈವಿಕ ಇಂಧನ ನೀತಿ, ಆಮೇಲೆ ರಾಜ್ಯ ಜೈವಿಕ ಇಂಧನ ಅಭಿವೃದ್ಧಿ ಮಂಡಳಿ, ಇವೆಲ್ಲ ಒಂದೇ ಗಿಡವನ್ನು ನಂಬದೆ ಹೊಂಗೆ, ಬೇವು, ಹಿಪ್ಪೆ, ಸಿಮರೂಬಾ, ಸುರಹೊನ್ನೆಗಳನ್ನು ಒಟ್ಟಿಗೆ ಹಿಡಿದವು. ಹದಗೆಟ್ಟ ಅರಣ್ಯ ಭೂಮಿಗೆ ‘ಹಸಿರು ಹೊನ್ನು’, ಪಾಳುಬಿದ್ದ ಸಾರ್ವಜನಿಕ ಜಮೀನಿಗೆ ‘ಬರಡು ಬಂಗಾರ’ ಎಂಬ ಯೋಜನೆಗಳು ಬಂದವು. ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ತಲೆಯೆತ್ತಿತು. ಬೆಳೆ ಬೆಳೆಯುವ ನೆಲವನ್ನು ಮುಟ್ಟದೆ ಬದು, ಬೇಲಿ, ಹಿತ್ತಲುಗಳಲ್ಲಿ ಗಿಡ ನೆಡಿಸುವುದು, ಹಳ್ಳಿಗಳಲ್ಲಿ ಬೆಳೆಗಾರರ ಸಂಘ ಕಟ್ಟುವುದು, ಬೀಜವನ್ನು ಆ ಸಂಘದ ಮೂಲಕವೇ ಕೊಳ್ಳುವುದು ಅಲ್ಲಿನ ದಾರಿಯಾಗಿತ್ತು. ಜಿಲ್ಲೆಗಳ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಪ್ರಾತ್ಯಕ್ಷಿಕೆ ಘಟಕಗಳು ಕುಳಿತವು. ರಾಜ್ಯ ರಸ್ತೆ ಸಾರಿಗೆ ಸಂಸ್ಥೆ ಕೆಲವು ಬಸ್ಸುಗಳಲ್ಲಿ ಬಯೋಡೀಸೆಲ್ ಬೆರೆಸಿ ಓಡಿಸಿತು.

ಆದರೂ ಲೆಕ್ಕ ಕೂಡಲಿಲ್ಲ. ಒಂದು ಲೀಟರ್ ಎಣ್ಣೆಗೆ ಎಕ್ಸ್‌ಪೆಲ್ಲರಿನಲ್ಲಿ, ಅಂದರೆ ಎಣ್ಣೆ ಹಿಂಡುವ ಯಂತ್ರದಲ್ಲಿ, ಸುಮಾರು ನಾಲ್ಕು ಕೆಜಿ ಬೀಜ ಬೇಕು. 2006ರ ಜನವರಿಯಿಂದ ತೈಲ ಕಂಪನಿಗಳು ಬಯೋಡೀಸೆಲನ್ನು ಕೊಳ್ಳಲು ಕೇಂದ್ರ ಸರ್ಕಾರ ಗೊತ್ತುಮಾಡಿದ ದರ ಲೀಟರಿಗೆ 25 ರೂಪಾಯಿ. ಬೀಜಕ್ಕೆ ಕೆಜಿಗೆ ಆರೇ ರೂಪಾಯಿ ಎಂದಿಟ್ಟುಕೊಂಡರೂ 24 ರೂಪಾಯಿ ಅಲ್ಲಿಗೇ ಮುಗಿಯಿತು. ಗಾಣ, ಮೆಥನಾಲ್, ಸಾಗಣೆಗೆ ಉಳಿದದ್ದು ಒಂದು ರೂಪಾಯಿ ಮತ್ತು ಹಿಂಡಿಯ ಹಣ. ಬೀಜದ ಬೆಲೆ ಇಳಿಸಿದರೆ ಸುಡುಬಿಸಿಲಿನಲ್ಲಿ ಕಾಯಿ ಗುಡಿಸಿ, ಬಡಿದು, ಸಿಪ್ಪೆ ಬಿಡಿಸುವ ಹೆಂಗಸರಿಗೆ ಕೂಲಿ ಗಿಟ್ಟದು. ಏರಿಸಿದರೆ ಕಾರ್ಖಾನೆಗೆ ಗಿಟ್ಟದು. ಮೇಲಾಗಿ ಎದುರಿಗಿದ್ದ ಪೈಪೋಟಿಗಾರ ಆಗಿನ ಸಬ್ಸಿಡಿ ಡೀಸೆಲ್. 2014ರ ಅಕ್ಟೋಬರಿನಲ್ಲಿ ಡೀಸೆಲ್ ದರ ಮಾರುಕಟ್ಟೆಗೆ ಬಿಟ್ಟುಕೊಟ್ಟ ಹೊತ್ತಿಗೆ ಕಚ್ಚಾತೈಲದ ಬೆಲೆಯೇ ಜಗತ್ತಿನಾದ್ಯಂತ ಕುಸಿಯುತ್ತಿತ್ತು.

ಇನ್ನೊಂದು ಸಮಸ್ಯೆ ಮರದೊಳಗೇ ಇತ್ತು. ಹೊಂಗೆ ಪರಕೀಯ ಪರಾಗಸ್ಪರ್ಶದ ಮರ, ಅಂದರೆ ಒಂದು ಮರದ ಹೂವಿಗೆ ಇನ್ನೊಂದು ಮರದ ಪರಾಗ ಬಂದು ಸೇರುತ್ತದೆ, ಆದ್ದರಿಂದ ಬೀಜದಿಂದ ಎದ್ದ ಸಸಿ ತಾಯಿಯಂತಿರುವುದಿಲ್ಲ. ವರ್ಷಕ್ಕೆ ಒಂದು ಮರ 9ರಿಂದ 90 ಕೆಜಿವರೆಗೆ ಕೊಡುತ್ತದೆಂದು ಪುಸ್ತಕಗಳು ಹೇಳುತ್ತವೆ; ಹತ್ತು ಪಟ್ಟು ಅಂತರವಿರುವ ಬೆಳೆಯನ್ನು ನಂಬಿ ಯಾವ ರೈತ ಲೆಕ್ಕ ಹಾಕಿಯಾನು? ಕಸಿ ಮಾಡಿದ ಆಯ್ದ ತಳಿಗಳಿಂದ ಇದನ್ನು ಸರಿಪಡಿಸಬಹುದು, ಆದರೆ ಕಸಿಗೆ ಕಾಲ ಬೇಕು, ಆಮೇಲೆ ತುಂಬು ಫಸಲಿಗೆ ಹತ್ತು ವರ್ಷ ಬೇಕು. ಯೋಜನೆಗಳ ವರದಿಗಳಾದರೋ ವರ್ಷಕ್ಕೊಮ್ಮೆ ಬರುತ್ತವೆ. ಹಾಗಾಗಿ ಎಣಿಸಲು ಸುಲಭವಾದದ್ದನ್ನು, ಅಂದರೆ ನೆಟ್ಟ ಸಸಿಗಳನ್ನು, ಎಣಿಸಲಾಯಿತು. ಮನೆಗೆ ಬಂದ ಬೀಜದ ಚೀಲಗಳನ್ನು ಅಷ್ಟೇ ಶ್ರದ್ಧೆಯಿಂದ ಎಣಿಸಿದ್ದರೆ ಕಥೆ ಬೇಗ ತಿಳಿಯುತ್ತಿತ್ತು.

ಇಲ್ಲಿ ಹರಳೆಣ್ಣೆಯತ್ತ ಒಮ್ಮೆ ತಿರುಗಿ ನೋಡುವುದು ಅಪ್ರಸ್ತುತವಾಗದು. ಅದೂ ತಿನ್ನಬಾರದ ಎಣ್ಣೆಯೇ. ಒಂದು ಕಾಲದಲ್ಲಿ ಅದೂ ದೀಪಕ್ಕೆ, ತಲೆಗೆ, ಮಗುವಿನ ಹೊಟ್ಟೆ ತೊಳೆಯಲು ಬಳಕೆಯಾಗುತ್ತಿತ್ತು. ಆದರೆ ಅದನ್ನು ಅಗ್ಗದ ಡೀಸೆಲ್ಲಾಗು ಎಂದು ನಮ್ಮಲ್ಲಿ ಅಷ್ಟಾಗಿ ಯಾರೂ ಕೇಳಲಿಲ್ಲ. ಅದರ ಶೇ 85ಕ್ಕೂ ಹೆಚ್ಚು ಭಾಗ ರಿಸಿನೋಲಿಕ್ ಆಮ್ಲ. ಬೇರೆ ಎಣ್ಣೆಗಳಲ್ಲಿ ಹೀಗೆ ಸಿಗದ ವಸ್ತು. ಅದರಿಂದ ನೈಲಾನ್-11, ಸೆಬಾಸಿಕ್ ಆಮ್ಲ, ಗ್ರೀಸು, ಬಣ್ಣ, ಪ್ರಸಾಧನ ಸಾಮಗ್ರಿಗಳು ಹುಟ್ಟುತ್ತವೆ. ಜಗತ್ತಿನ ಹರಳಿನಲ್ಲಿ ಬಹುಪಾಲು ಭಾರತದ್ದು, ಅದರಲ್ಲೂ ಗುಜರಾತಿನದು. ಅಲ್ಲಿ ಎಣ್ಣೆಯ ವಿಶೇಷ ಗುಣಕ್ಕೆ ಬೆಲೆ ಬಂತು. ಹೊಂಗೆಯ ವಿಶೇಷ ಗುಣವಾದ ಕಹಿಯನ್ನು ಮಾತ್ರ ನಾವು ಎಂಜಿನ್ನಿನಲ್ಲಿ ಸುಟ್ಟುಬಿಡಲು ಹೊರಟಿದ್ದೆವು.

ಆ ಕಹಿಗೆ ಬೆಲೆಯಿಲ್ಲದಿಲ್ಲ. ಮಣ್ಣಿನಲ್ಲಿ ಯೂರಿಯಾದ ಸಾರಜನಕ ಬೇಗನೆ ನೈಟ್ರೇಟಾಗಿ ಸೋರಿಹೋಗುವುದನ್ನು ಕರಂಜಿನ್ ತಡೆಯುತ್ತದೆ, ಕೆಲವು ಕೀಟ ಮತ್ತು ನುಸಿಗಳನ್ನು ದೂರವಿಡುತ್ತದೆ. ಬೇವಿನೆಣ್ಣೆಗೆ ಇಂಥದೇ ಗುಣವಿದೆ. 2015ರಲ್ಲಿ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನ ಲೇಪ ಕಡ್ಡಾಯವಾದಾಗ ಬೇವಿನ ಬೀಜಕ್ಕೆ ಒಂದು ಖಾತರಿ ಗಿರಾಕಿ ಸಿಕ್ಕಂತಾಯಿತು. ಹೊಂಗೆಗೆ ಅಂಥ ಆದೇಶ ಬರಲಿಲ್ಲ.

2009ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2017ರೊಳಗೆ ಪೆಟ್ರೋಲ್, ಡೀಸೆಲ್ಲುಗಳಲ್ಲಿ ಶೇ 20ರಷ್ಟು ಜೈವಿಕ ಇಂಧನದ ಮಿಶ್ರಣವೆಂದು ಹೇಳಿತ್ತು. 2018ರ ನೀತಿ ಡೀಸೆಲ್ಲಿನ ಮಟ್ಟಿಗೆ ಅದನ್ನು 2030ರೊಳಗೆ ಶೇ 5 ಎಂದು ಇಳಿಸಿತು. ವಾಸ್ತವದ ಮಿಶ್ರಣ ಇನ್ನೂ ಶೇ 1ನ್ನೂ ಮುಟ್ಟಿಲ್ಲ. ಇದೇ ವೇಳೆಗೆ ಮರದ ಬೀಜಕ್ಕಿಂತ ಸುಲಭದ ಕಚ್ಚಾವಸ್ತು ಕಣ್ಣಿಗೆ ಬಿತ್ತು. ಕರಿದ ಎಣ್ಣೆಯಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳು, ಅಂದರೆ ಪದೇಪದೇ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ವಸ್ತುಗಳು, ಶೇ 25 ದಾಟಿದರೆ ಮತ್ತೆ ಬಳಸಬಾರದೆಂಬ ನಿಯಮ 2018ರ ಜುಲೈಯಿಂದ ಜಾರಿಗೆ ಬಂತು, ಹಿಂದೆಯೇ ಅಂಥ ಎಣ್ಣೆಯನ್ನು ಹೋಟೆಲುಗಳಿಂದ ಸಂಗ್ರಹಿಸಿ ಬಯೋಡೀಸೆಲ್ ಮಾಡುವ ಕಾರ್ಯಕ್ರಮ ಶುರುವಾಯಿತು. ಬೋಂಡ ಕರಿದ ಎಣ್ಣೆ ಒಂದೇ ಕಡೆ ಡಬ್ಬಗಟ್ಟಲೆ ಸಿಗುತ್ತದೆ. ಹೊಂಗೆ ಬೀಜವನ್ನು ಸಾವಿರ ಬದುಗಳಿಂದ ಕೂಡಿಸಬೇಕು. ಘಟಕಗಳು ಯಾವ ಕಡೆ ವಾಲಿದವೆಂದು ಬೇರೆ ಹೇಳಬೇಕಾಗಿಲ್ಲ.

ಈ ನಡುವೆ ಅಮೆರಿಕದ ಫ್ಲಾರಿಡಾದಲ್ಲಿ, ರೋಗಕ್ಕೆ ತುತ್ತಾಗಿ ಪಾಳುಬಿದ್ದ ಕಿತ್ತಳೆ ತೋಟಗಳ ಜಾಗದಲ್ಲಿ, ಕಸಿ ಮಾಡಿದ ಹೊಂಗೆ ಸಾಲಾಗಿ ನಿಂತಿದೆ. ಅಲ್ಲಿ ಬೀಜದಿಂದ ಕಹಿಯನ್ನು ಬೇರ್ಪಡಿಸಿ, ಎಣ್ಣೆಯನ್ನು ಅಡುಗೆಗೆ, ಹಿಂಡಿಯ ಪ್ರೋಟೀನನ್ನು ಆಹಾರಕ್ಕೆ ಒದಗಿಸುವ ಕೆಲಸ ನಡೆದಿದೆ. ತೆಗೆದಿಟ್ಟ ಕಹಿಯನ್ನೂ ಅವರು ಚೆಲ್ಲುವುದಿಲ್ಲ, ಬೆಳೆರಕ್ಷಣೆಗೆ ಬಳಸುವ ದಾರಿ ನೋಡುತ್ತಿದ್ದಾರೆ. ಆ ಉದ್ಯಮಕ್ಕೆ ಬೇಕಾದ ಬೀಜದಲ್ಲಿ ಒಂದು ಪಾಲು ಭಾರತದ ಹಳ್ಳಿಗಳಿಂದಲೇ, ಬೇಸಿಗೆಯಲ್ಲಿ ಮರದಡಿ ಗುಡಿಸಿ ತಂದ ಚೀಲಗಳಿಂದಲೇ ಹೋಗಿದೆ.