ಫ್ರಾನ್ಸ್ ಪ್ರವಾಸ ಅಜ್ಜಿಯ ಮಂಡಿಯಿಂದ ಶುರುವಾಗಲಿ

ಪ್ರವಾಸ ಏರ್ಪಡಿಸುವ ನನ್ನ ಆಫೀಸಿಗೆ ಬರುವ ಕುಟುಂಬಗಳು ಸಾಮಾನ್ಯವಾಗಿ ಒಂದು ಪಟ್ಟಿ ಹಿಡಿದೇ ಬರುತ್ತವೆ. ಪ್ಯಾರಿಸ್ ಮೂರು ದಿನ, ನೀಸ್ ಎರಡು ದಿನ, ಮಧ್ಯೆ ಒಂದು ರಾತ್ರಿ ಲಿಯೋನ್. ಪಟ್ಟಿ ಬರೆದವರು ಮಗ ಅಥವಾ ಸೊಸೆ. ಅದನ್ನು ಪಕ್ಕಕ್ಕಿಟ್ಟು ನಾನು ಅಜ್ಜಿಯ ಕಡೆ ತಿರುಗುತ್ತೇನೆ. "ಅಮ್ಮ, ಮನೆಯಲ್ಲಿ ಮಹಡಿ ಹತ್ತೀರಾ?"

ಉತ್ತರ ಮಗನಿಂದ ಬರುತ್ತದೆ. "ಅಯ್ಯೋ, ಅಮ್ಮ ದಿನಾ ಪಾರ್ಕಿನಲ್ಲಿ ನಾಲ್ಕು ರೌಂಡ್ ಹೊಡೀತಾರೆ ಮೇಡಂ." ವಾಕಿಂಗ್ ಬೇರೆ, ಮೆಟ್ಟಿಲು ಬೇರೆ. ಸ್ವಲ್ಪ ಸುಮ್ಮನೆ ಕೂತರೆ ಅಜ್ಜಿಯೇ ಬಾಯಿ ಬಿಡುತ್ತಾರೆ: "ಹತ್ತೋದು ಹೇಗೋ ಆಗುತ್ತಮ್ಮ. ಇಳಿಯೋದೇ ಕಷ್ಟ." ಅರ್ಧ ಪ್ರವಾಸ ಅಲ್ಲೇ ತೀರ್ಮಾನವಾಯಿತು.

ಈ ಪ್ರಶ್ನೆ ಕೇಳುವುದನ್ನು ಕಲಿತದ್ದು ಒಂದು ತಪ್ಪು ಮಾಡಿ. ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಂದು ಕುಟುಂಬವನ್ನು ದಕ್ಷಿಣ ಫ್ರಾನ್ಸ್‌ನ ಪ್ರೊವಾನ್ಸ್ ಸೀಮೆಯ ಬೆಟ್ಟದ ತುದಿಯ ಹಳ್ಳಿಗೆ ಕಳಿಸಿದ್ದೆ. ಫೋಟೋದಲ್ಲಿ ಸ್ವರ್ಗ. ಆದರೆ ಕಾರು ನಿಲ್ಲಿಸುವುದು ಊರಿನ ಬುಡದಲ್ಲಿ. ಅಲ್ಲಿಂದ ಮನೆಗೆ ನುಣುಪು ಕಲ್ಲಿನ ಮೆಟ್ಟಿಲು. ಮೊದಲ ದಿನ ಹತ್ತಿದ ಅಜ್ಜ ಮತ್ತೆ ಇಳಿದದ್ದು ವಾಪಸ್ ಹೊರಡುವ ದಿನ. ಬಂದ ಮೇಲೆ ಅವರು ನನ್ನನ್ನು ಬೈಯಲಿಲ್ಲ. "ವ್ಯೂ ಚೆನ್ನಾಗಿತ್ತಮ್ಮ" ಅಂದರು. ಬೈದಿದ್ದರೇ ವಾಸಿಯಿತ್ತು.

ಅಂದಿನಿಂದ ನನ್ನ ಸಲಹೆ ಒಂದೇ. ಮೂರು ತಲೆಮಾರು ಹೊರಟರೆ ಊರು ಸುತ್ತಬೇಡಿ. ಒಂದು ಮನೆ ಹಿಡಿಯಿರಿ, ಒಂದು ವಾರ ಅಲ್ಲೇ ಇರಿ. ಇತ್ತೀಚೆಗೆ ಹೀಗೆ ಕಳಿಸಿದ ಒಂದು ಕುಟುಂಬದ ಕಥೆಯನ್ನೇ ಹೇಳುತ್ತೇನೆ. ಮೈಸೂರಿನ ಅಜ್ಜ, ಅಜ್ಜಿ. ಬೆಂಗಳೂರಿನ ಮಗನ ಮನೆಯವರು ನಾಲ್ಕು ಜನ, ಲಂಡನ್ನಿನ ಮಗಳ ಮನೆಯವರು ನಾಲ್ಕು ಜನ. ಜೊತೆಗೆ ಅಜ್ಜಿಯ ತಂಗಿ. ಒಟ್ಟು ಹನ್ನೊಂದು.

ಮೊದಲ ತಲೆನೋವು ತಾರೀಕು. ನಮ್ಮ ಬೇಸಿಗೆ ರಜೆ ಏಪ್ರಿಲ್, ಮೇ. ಫ್ರಾನ್ಸ್‌ನವರ ಬೇಸಿಗೆ ರಜೆ ಜುಲೈ, ಆಗಸ್ಟ್. ಲಂಡನ್ನಿನ ಮಕ್ಕಳಿಗೆ ಜುಲೈ ಕೊನೆಗೆ ರಜೆ ಸಿಗುವಾಗ ನಮ್ಮ ಮಕ್ಕಳಿಗೆ ಮೊದಲ ಪರೀಕ್ಷೆ ಬಂದಿರುತ್ತದೆ. ಎರಡೂ ಕಡೆಯ ರಜೆ ಕೂಡುವ ಒಂದು ಸಂದು ಇದೆ: ಮೇ ಕೊನೆಯ ವಾರ. ಇಂಗ್ಲೆಂಡಿನ ಶಾಲೆಗಳಿಗೆ ಆಗ ಒಂದು ವಾರದ ನಡು ರಜೆ. ನಮ್ಮ ಶಾಲೆ ತೆರೆದ ಮೊದಲ ಎರಡು ದಿನ ತಪ್ಪಿದರೆ ಆಕಾಶವೇನೂ ಬೀಳುವುದಿಲ್ಲ, ಅಲ್ವಾ? ಬಾಡಿಗೆಯೂ ಆಗಸ್ಟ್‌ಗಿಂತ ಕಡಿಮೆ.

ಮೇ ತಿಂಗಳಲ್ಲಿ ಏನು ಸಿಗುವುದಿಲ್ಲ ಅನ್ನುವುದನ್ನೂ ಮೊದಲೇ ಹೇಳಿಬಿಡುತ್ತೇನೆ. ಲ್ಯಾವೆಂಡರ್ ಹೊಲ ಸಿಗುವುದಿಲ್ಲ, ಅದು ಜೂನ್ ಕೊನೆ, ಜುಲೈ. ಬದಲಿಗೆ ರಸ್ತೆ ಬದಿಯಲ್ಲಿ ಕೆಂಪು ಗಸಗಸೆ ಹೂವು, ಸಂತೆಯಲ್ಲಿ ಹೊಸ ಚೆರ್ರಿ. ಬಿಸಿ ಮಾಡದ ಈಜುಕೊಳದ ನೀರು ಕೊರೆಯುತ್ತದೆ. ಮಿಸ್ತ್ರಾಲ್ ಅನ್ನುವ ಉತ್ತರದ ಗಾಳಿ ಎದ್ದರೆ ಬಿಸಿಲಿದ್ದೂ ಶಾಲು ಬೇಕು.

ಜುಲೈ, ಆಗಸ್ಟ್‌ನಲ್ಲೇ ಹೋಗುತ್ತೇವೆ ಅನ್ನುವವರಿಗೆ ಒಂದು ಮಾತು. "ಬಿಸಿಲು ನಮಗೆ ಹೊಸದಾ ಮೇಡಂ" ಅಂತ ನಗಬೇಡಿ. 2019ರ ಜೂನ್ 28ರಂದು ದಕ್ಷಿಣ ಫ್ರಾನ್ಸ್‌ನ ವೆರಾರ್ಗ್ ಊರಲ್ಲಿ 46 ಡಿಗ್ರಿ ದಾಖಲಾಯಿತು. 2003ರ ಆಗಸ್ಟ್ ಸೆಕೆಗೆ ಆ ದೇಶದಲ್ಲಿ ಸುಮಾರು 15,000 ಜನ ತೀರಿಕೊಂಡರು, ಹೆಚ್ಚಿನವರು ವಯಸ್ಸಾದವರು. ಅಲ್ಲಿನ ಹಳೇ ಮನೆಗಳಲ್ಲಿ ಸೀಲಿಂಗ್ ಫ್ಯಾನ್ ಅಪರೂಪ, ಏಸಿ ಇನ್ನೂ ಅಪರೂಪ. ಬೆಳಿಗ್ಗೆ ಬಿಸಿಲೇರುವ ಮುಂಚೆ ಕಿಟಕಿಯ ಮರದ ಬಾಗಿಲುಗಳನ್ನೆಲ್ಲ ಮುಚ್ಚಿ, ರಾತ್ರಿ ತೆಗೆಯಬೇಕು. ನಮ್ಮವರು ಗಾಳಿ ಬರಲಿ ಅಂತ ಇಡೀ ದಿನ ತೆಗೆದಿಟ್ಟು ಮನೆಯನ್ನು ಒಲೆ ಮಾಡಿಕೊಳ್ಳುತ್ತಾರೆ.

ಇನ್ನು ವೀಸಾ. ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ದೊಡ್ಡವರಿಗೆ 2024ರ ಜೂನ್‌ನಿಂದ 90 ಯೂರೋ, ಆರರಿಂದ ಹನ್ನೆರಡರೊಳಗಿನ ಮಕ್ಕಳಿಗೆ 45. ಕನಿಷ್ಠ 30,000 ಯೂರೋ ಕವರ್ ಇರುವ ವಿಮೆ ಕಡ್ಡಾಯ. ಎಪ್ಪತ್ತು ದಾಟಿದವರಿಗೆ ವಿಮೆ ತೆಗೆಯುವಾಗ ಅಗ್ಗದ್ದು ನೋಡಬೇಡಿ. ಮೊದಲೇ ಇರುವ ಬಿಪಿ, ಶುಗರ್, ಹೃದಯದ ತೊಂದರೆಗೆ ಎಷ್ಟು ಕೊಡುತ್ತಾರೆ ಅನ್ನುವ ಸಾಲನ್ನು ಹುಡುಕಿ ಓದಿ. ಬಾಡಿಗೆ ಮನೆ ಒಬ್ಬರ ಹೆಸರಲ್ಲಿ ಬುಕ್ ಆಗಿರುತ್ತದೆ. ಎಲ್ಲರ ಹೆಸರೂ ಇರುವ ಪತ್ರವನ್ನು ಮಾಲೀಕರಿಂದ ಬರೆಸಿ ತರಿಸಿಕೊಂಡು ಪ್ರತಿ ಫೈಲಿಗೂ ಹಾಕಿ. ಲಂಡನ್ನಿನ ಅಳಿಯ ಮಾತ್ರ ತಾನು ನಿಶ್ಚಿಂತ ಅಂದುಕೊಂಡಿದ್ದರು. ಅವರ ಪಾಸ್‌ಪೋರ್ಟ್ ಇನ್ನೂ ಭಾರತದ್ದೇ. ಬ್ರಿಟನ್ನಿನಲ್ಲಿ ಇರಲು ಪರವಾನಗಿ ಇದ್ದ ಮಾತ್ರಕ್ಕೆ ಫ್ರಾನ್ಸ್ ಒಳಗೆ ಬಿಡುವುದಿಲ್ಲ. ಪುಣ್ಯಕ್ಕೆ ಮಾರ್ಚ್‌ನಲ್ಲೇ ನೆನಪಾಯಿತು.

ಮನೆ ಹಿಡಿದದ್ದು ದಕ್ಷಿಣ ಫ್ರಾನ್ಸ್‌ನ ಉಜೆಸ್ ಊರಿನ ಹತ್ತಿರ, ಅವಿನ್ಯೋನ್‌ನಿಂದ ಪಶ್ಚಿಮಕ್ಕೆ. ಪ್ಯಾರಿಸ್ ಯಾಕಿಲ್ಲ ಅಂತ ಮಗ ಕೇಳಿದರು. ಪ್ಯಾರಿಸ್ ಮೆಟ್ರೋ ಅಂದರೆ ಮೆಟ್ಟಿಲೋ ಮೆಟ್ಟಿಲು. ಎಲ್ಲಾ ಸ್ಟೇಷನ್‌ಗಳಲ್ಲೂ ಲಿಫ್ಟ್ ಇರುವುದು 14ನೇ ಲೈನಿನಲ್ಲಿ ಮಾತ್ರ. ಕೊನೆಗೆ ವಾಪಸ್ ಬರುವಾಗ ಪ್ಯಾರಿಸ್‌ಗೆ ಎರಡು ರಾತ್ರಿ ಇಟ್ಟೆವು, ಓಡಾಟ ಬಸ್ಸಿನಲ್ಲಿ. ಬಸ್ಸಿನಲ್ಲಾದರೆ ಕಿಟಕಿಯಿಂದ ಊರಾದರೂ ಕಾಣುತ್ತದೆ.

ಹೋಗುವಾಗ ಮಾತ್ರ ಪ್ಯಾರಿಸ್ ಊರೊಳಗೆ ಕಾಲಿಡಲೇ ಇಲ್ಲ. ಬೆಂಗಳೂರಿನಿಂದ ನೇರ ವಿಮಾನ ಪ್ಯಾರಿಸ್ ಹೊರವಲಯದ ಷಾರ್ಲ್ ದ ಗೋಲ್ ನಿಲ್ದಾಣಕ್ಕೆ. ಅದೇ ನಿಲ್ದಾಣದಲ್ಲಿ ಟೆಜೆವೆ ಅನ್ನುವ ಅತಿವೇಗದ ರೈಲಿನ ಸ್ಟೇಷನ್ ಇದೆ, ಅವಿನ್ಯೋನ್‌ಗೆ ನೇರ ರೈಲು ಸಿಗುತ್ತದೆ. ಲಂಡನ್ನಿನವರು ಯೂರೋಸ್ಟಾರ್ ರೈಲಿನಲ್ಲಿ ಬಂದು ಉತ್ತರ ಫ್ರಾನ್ಸ್‌ನ ಲಿಲ್ ಊರಲ್ಲಿ ರೈಲು ಬದಲಿಸಿದರು. ಪ್ಯಾರಿಸ್‌ನಲ್ಲಿ ಬದಲಿಸಿದ್ದರೆ ಸಾಮಾನು ಸಮೇತ ಒಂದು ಸ್ಟೇಷನ್‌ನಿಂದ ಇನ್ನೊಂದಕ್ಕೆ ಊರು ದಾಟಬೇಕಿತ್ತು. ವಿಮಾನಕ್ಕೆ ವೀಲ್‌ಚೇರ್ ಬುಕ್ ಮಾಡಿದಾಗ ಅಜ್ಜ ಮುನಿಸಿಕೊಂಡರು, "ನನಗೇನಾಗಿದೆ?" ಅಂತ. ಆ ನಿಲ್ದಾಣದ ಉದ್ದ ನೋಡಿದ ಮೇಲೆ ತಾವೇ ಕೂತರಂತೆ.

ಅವಿನ್ಯೋನ್ ಸ್ಟೇಷನ್‌ನಲ್ಲೇ ಕಾರು ಬಾಡಿಗೆಗೆ ಸಿಗುತ್ತದೆ. ಒಂದು ದೊಡ್ಡ ವ್ಯಾನಿನ ಬದಲು ಎರಡು ಕಾರು ತೆಗೆದುಕೊಳ್ಳಿ, ನಾನು ಯಾವಾಗಲೂ ಹೇಳುವುದು ಇದನ್ನೇ. ಇವರು ಹನ್ನೊಂದು ಜನ, ಏಳು ಸೀಟಿನ ಎರಡು ತೆಗೆದರು. ಹಿರಿಯರಿಗೆ ಮಧ್ಯಾಹ್ನ ಮಲಗಬೇಕು ಅನ್ನಿಸಿದರೆ ಒಂದು ಕಾರು ಮನೆಗೆ, ಇನ್ನೊಂದು ಹೊಳೆಗೆ. ಒಬ್ಬರಿಗೋಸ್ಕರ ಎಲ್ಲರೂ ವಾಪಸ್ ಬರಬೇಕಾದಾಗಲೇ ಜಗಳ ಹುಟ್ಟುವುದು. ಗೇರಿಲ್ಲದ ಆಟೊಮ್ಯಾಟಿಕ್ ಬೇಕಾದರೆ ಬೇಗ ಬುಕ್ ಮಾಡಿ.

ಈಗ ಮನೆಯ ವಿಷಯ. ಫ್ರಾನ್ಸ್‌ನಲ್ಲಿ ರಜೆಗೆ ಬಾಡಿಗೆ ಕೊಡುವ ಹಳ್ಳಿ ಮನೆಗೆ ಜೀತ್ ಅನ್ನುತ್ತಾರೆ. ಜೀತ್ ದ ಫ್ರಾನ್ಸ್ ಅನ್ನುವ ಸಂಘ 1950ರ ದಶಕದಿಂದ ಇದೆ. ಹೋಟೆಲಿಗೆ ನಕ್ಷತ್ರ ಕೊಡುವ ಹಾಗೆ ಇವರು ಮನೆಗೆ ಗೋಧಿ ತೆನೆ ಕೊಡುತ್ತಾರೆ, ಒಂದರಿಂದ ಐದು. ತೆನೆಯ ಲೆಕ್ಕ ಸೌಕರ್ಯ ಹೇಳುತ್ತದೆ, ಮಂಡಿಯ ಕಥೆ ಹೇಳುವುದಿಲ್ಲ. ಅದನ್ನು ನೀವೇ ಕೇಳಬೇಕು.

ನೆಲಮಹಡಿಯಲ್ಲಿ ಮಲಗುವ ಕೋಣೆ ಇದೆಯಾ? ಅಲ್ಲಿ "ಮೊದಲ ಮಹಡಿ" ಅಂದರೆ ಒಂದು ಮೆಟ್ಟಿಲ ಸಾಲು ಹತ್ತಿದ ಮೇಲೆ. ನೆಲಮಟ್ಟಕ್ಕೆ ರೆ ದ ಶೋಸೆ ಅನ್ನುತ್ತಾರೆ, ಆ ಮಾತು ಪತ್ರದಲ್ಲಿ ಇರಲಿ. ಬಚ್ಚಲೂ ಅದೇ ಮಟ್ಟದಲ್ಲಿದೆಯಾ? ಕಕ್ಕಸು ಬೇರೆ ಕಡೆ, ಬಚ್ಚಲು ಬೇರೆ ಕಡೆ ಇರುವುದು ಅಲ್ಲಿ ಮಾಮೂಲು. ಬಚ್ಚಲಲ್ಲಿ ಟಬ್ಬಾ, ಶವರಾ? ಟಬ್ಬಿನ ಅಂಚು ದಾಟಲು ಕಾಲು ಮಂಡಿಯೆತ್ತರ ಎತ್ತಬೇಕು, ಒದ್ದೆ ಕಾಲಲ್ಲಿ ಮತ್ತೆ ಇಳಿಯಬೇಕು. ನೆಲಮಟ್ಟದ ಶವರಿಗೆ ದೂಶ್ ಆ ಲಿತಾಲಿಯೆನ್ ಅಂತ ಹೆಸರು. ಆ ಫೋಟೋ ಬರುವವರೆಗೂ ನಾನು ಅಡ್ವಾನ್ಸ್ ಕಟ್ಟಿಸುವುದಿಲ್ಲ. ಹಳೇ ಮನೆಗಳ ಡಬಲ್ ಮಂಚ 140 ಸೆಂಟಿಮೀಟರ್ ಅಗಲ ಇರುವುದೇ ಜಾಸ್ತಿ. ಐವತ್ತು ವರ್ಷ ಜೊತೆಗೆ ಬಾಳಿದವರಿಗೂ ಅದು ಇಕ್ಕಟ್ಟು. ಮತ್ತೆ ಒಂದು ಚೊಂಬು ಬ್ಯಾಗಿನಲ್ಲಿರಲಿ, ಕಾರಣ ಬಿಡಿಸಿ ಹೇಳಬೇಕಿಲ್ಲ.

ಈಜುಕೊಳ ಇದ್ದರೆ 2003ರ ಕಾನೂನಿನ ಪ್ರಕಾರ ಬೇಲಿ, ಅಲಾರಂ, ಹೊದಿಕೆ, ಚಾವಣಿ, ಈ ನಾಲ್ಕರಲ್ಲಿ ಒಂದು ಇರಲೇಬೇಕು. ಮೊಮ್ಮಕ್ಕಳನ್ನು ಅಜ್ಜ ನೋಡಿಕೊಳ್ಳುವ ಮನೆಯಾದರೆ ಬೇಲಿಯೇ ಬೇಕು ಅನ್ನಿ. ಅಲಾರಂ ಕೂಗಿಕೊಂಡ ಮೇಲೆ ಓಡಲು ಅಜ್ಜನಿಗೆ ಆಗಬೇಕಲ್ಲ.

ಅಡುಗೆಮನೆಯದು ದೊಡ್ಡ ಕಥೆ. ಈ ಅಜ್ಜಿ ಮೈಸೂರಿನಿಂದ ಐದು ಲೀಟರ್ ಕುಕ್ಕರನ್ನು ಸೀರೆಯಲ್ಲಿ ಸುತ್ತಿ ತಂದಿದ್ದರು. ಅಲ್ಲಿ ನೋಡಿದರೆ ಇಂಡಕ್ಷನ್ ಒಲೆ. ಅಲ್ಯೂಮಿನಿಯಂ ಕುಕ್ಕರ್ ಇಟ್ಟರೆ ಅದು ಬಿಸಿಯೇ ಆಗದು. ಮನೆಯ ಕಪಾಟಿನಲ್ಲಿ ಫ್ರೆಂಚರ ಕೊಕೊತ್ ಮಿನ್ಯುತ್ ಇತ್ತು, ಅವರ ಪ್ರೆಷರ್ ಕುಕ್ಕರ್. ಅದು ಒಂದೇ ಸಮ ಉಸ್ ಅಂತ ಹಬೆ ಬಿಡುತ್ತದೆ ಅಷ್ಟೇ. "ಇದು ಕೂಗೋದೇ ಇಲ್ವಲ್ಲೇ!" ಅಂತ ಅಜ್ಜಿ, ತಂಗಿ ಇಬ್ಬರೂ ಒಲೆ ಮುಂದೆ ನಿಂತರು. ಮೂರು ಕೂಗಿನ ಲೆಕ್ಕದಲ್ಲಿ ಜೀವಮಾನ ಅಡುಗೆ ಮಾಡಿದವರಿಗೆ ಗಡಿಯಾರ ನೋಡಿ ಅನ್ನ ಇಳಿಸು ಅಂದರೆ ಹೇಗೆ? ಮೊದಲ ದಿನ ಅನ್ನ ಗಂಜಿಯಾಯಿತು. ಒಲೆ ಯಾವುದು ಅಂತ ಕೇಳುವುದನ್ನು ನಾನು ಮರೆತಿದ್ದೆ. ಈಗ ನನ್ನ ಪ್ರಶ್ನೆಗಳಲ್ಲಿ ಅದೂ ಸೇರಿದೆ.

ಸಾರಿನ ಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ಯಿರಿ. ತುಪ್ಪ, ಹಸಿ ಕರಿಬೇವು, ಮಾವಿನಹಣ್ಣು ಬೇಡ, ಹೊರ ದೇಶದಿಂದ ಬರುವ ಪ್ರಯಾಣಿಕರು ಅವನ್ನು ಐರೋಪ್ಯ ಒಕ್ಕೂಟದೊಳಗೆ ಹಾಗೆಯೇ ತರುವಂತಿಲ್ಲ. ಅಕ್ಕಿ ಅಲ್ಲಿನ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುತ್ತದೆ. ತೊಗರಿಬೇಳೆ ಹಳ್ಳಿ ಕಡೆ ಸಿಗದು, ಆದರೆ ಲಾಂತಿ ಕೊರಾಯ್ ಅಂತ ಮಾರುವುದು ನಮ್ಮ ಮಸೂರ್ ಬೇಳೆಯೇ. ಗಟ್ಟಿ ಮೊಸರಿಗೆ ಫ್ರೊಮಾಜ್ ಬ್ಲಾಂ, ಮಜ್ಜಿಗೆಗೆ ಲೇ ರಿಬೊ. ಶನಿವಾರ ಬಂದಿಳಿದರೆ ದಾರಿಯಲ್ಲೇ ಸಾಮಾನು ಕೊಂಡುಬಿಡಿ, ಭಾನುವಾರ ಮಧ್ಯಾಹ್ನ ಅಂಗಡಿಗಳು ಮುಚ್ಚಿರುತ್ತವೆ.

ಹೋಟೆಲ್ ಊಟಕ್ಕೆ ಹನ್ನೆರಡೂವರೆಗೆ ಕೂರಿ. ಎರಡು ಗಂಟೆಗೆ ಅಡುಗೆಮನೆ ಮುಚ್ಚುತ್ತಾರೆ, ಬೇಡಿಕೊಂಡರೂ ತೆಗೆಯುವುದಿಲ್ಲ. ಬರೀ ಸಸ್ಯಾಹಾರಿ ಅಂದರೆ ಮೀನು ಹಾಕಿ ತರುವವರಿದ್ದಾರೆ. ಮಾಂಸ ಬೇಡ, ಮೀನು ಬೇಡ, ಮಾಂಸ ಕುದಿಸಿದ ನೀರೂ (ಸ್ಟಾಕ್) ಬೇಡ ಅಂತ ಮೂರನ್ನೂ ಫ್ರೆಂಚಿನಲ್ಲಿ ಬರೆದ ಚೀಟಿ ಕೊಟ್ಟು ಕಳಿಸುತ್ತೇನೆ. ತುಂಬಾ ಕಟ್ಟುನಿಟ್ಟಿನವರು ಚೀಸ್ ಬಗ್ಗೆಯೂ ಕೇಳಬೇಕು, ಕಾಂತೆ, ರೊಕ್‌ಫೋರ್‌ಗೆಲ್ಲ ಪ್ರಾಣಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ.

ಆದರೆ ಅಡುಗೆ ಮಾಡುವವರು ಯಾರು? ಹಿಂದೆ ಒಬ್ಬ ಸೊಸೆ ವಾಪಸ್ ಬಂದು ಹೇಳಿದ್ದರು: "ಫ್ರಾನ್ಸ್ ಚೆನ್ನಾಗಿತ್ತು ಮೇಡಂ. ಅಡುಗೆಮನೆ ಕಿಟಕಿಯಿಂದ ಕಾಣ್ತಿತ್ತು." ಜೀತ್ ಅನ್ನುವ ಹೆಸರು ಆಕೆಯ ಪಾಲಿಗೆ ನಿಜವಾಗಿತ್ತು. ಹಾಗಾಗಿ ಈಗ ಬುಕ್ಕಿಂಗ್ ದಿನವೇ ಎಲ್ಲರೆದುರು ಪಾಳಿ ಬರೆಸುತ್ತೇನೆ. ಬೆಳಿಗ್ಗೆ ಬೇಕರಿಯ ಬ್ರೆಡ್ಡು, ಹಣ್ಣು. ಬಿಸಿ ಅಡುಗೆ ದಿನಕ್ಕೆ ಒಂದೇ ಹೊತ್ತು. ಗಂಡಸರಿಗೂ ಪಾಳಿ ಉಂಟು. ಮುಸುರೆ ತೊಳೆಯುವ ಮಷೀನ್ ಇಲ್ಲದ ಮನೆಯನ್ನು ನಾನು ಹನ್ನೊಂದು ಜನಕ್ಕೆ ಕೊಡುವುದಿಲ್ಲ. ದುಡ್ಡಿನ ಮಾತೂ ಅವತ್ತೇ ಆಗಬೇಕು: ಬಾಡಿಗೆ ಕೋಣೆಯ ಲೆಕ್ಕದಲ್ಲಿ, ದಿನಸಿ ತಲೆ ಲೆಕ್ಕದಲ್ಲಿ.

ನೋಡುವ ಜಾಗ ದಿನಕ್ಕೆ ಒಂದು. ಬುಧವಾರ ಉಜೆಸ್‌ನ ಸಂತೆ, ಕಮಾನುಗಳ ನೆರಳಲ್ಲಿ ಕೂರಲು ಜಾಗ. ಇನ್ನೊಂದು ದಿನ ಪೋಂ ದ್ಯು ಗಾರ್. ಅದು ರೋಮನ್ನರು ಕ್ರಿಸ್ತಶಕ ಮೊದಲ ಶತಮಾನದಲ್ಲಿ ಹೊಳೆಯ ಮೇಲೆ ಕಟ್ಟಿದ ನೀರಿನ ಸೇತುವೆ, ಮೂರು ಸಾಲು ಕಮಾನು, 49 ಮೀಟರ್ ಎತ್ತರ. ಪಾರ್ಕಿಂಗ್‌ನಿಂದ ದಾರಿ ಸಮತಟ್ಟು. ಮಕ್ಕಳು ಹೊಳೆಯಲ್ಲಿ ಕಲ್ಲು ಎಸೆಯುತ್ತಿದ್ದರು. ಅಜ್ಜ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ಉಜೆಸ್ ಬುಗ್ಗೆಯ ನೀರು ನೀಮ್ ಊರು ಮುಟ್ಟಲು ಸುಮಾರು 50 ಕಿಲೋಮೀಟರ್ ಹರಿಯುತ್ತಿತ್ತು, ಅಷ್ಟು ದೂರಕ್ಕೆ ಇಳಿಜಾರು ಬರೀ ಹನ್ನೆರಡೂವರೆ ಮೀಟರ್ ಅಂತ ಯಾರೋ ಓದಿ ಹೇಳಿದರು. ಅಜ್ಜ ಮನಸ್ಸಿನಲ್ಲೇ ಭಾಗಿಸಿದರು. "ಕಿಲೋಮೀಟರಿಗೆ ಇಪ್ಪತ್ತೈದು ಸೆಂಟಿಮೀಟರ್! ಲೆವೆಲ್ ಹೇಗೆ ಹಿಡಿದರಪ್ಪ ಇವರು?" ಎರಡು ಗಂಟೆ ಅಲ್ಲಿಂದ ಏಳಲಿಲ್ಲ. ಹದಿನಾಲ್ಕರ ಮೊಮ್ಮಗ ಮೊದಲ ಸಲ ಫೋನ್ ಕೆಳಗಿಟ್ಟು ಕೇಳಿಸಿಕೊಂಡನಂತೆ.

ಸಂಜೆಗೆ ಏನೂ ಇಟ್ಟಿರಲಿಲ್ಲ. ಮೇ ಕೊನೆಯಲ್ಲಿ ಅಲ್ಲಿ ಒಂಬತ್ತು ಗಂಟೆಗೂ ಬೆಳಕು. ಮನೆಯ ಶೆಡ್ಡಿನಲ್ಲಿ ಪೆತಾಂಕ್ ಆಟದ ಕಬ್ಬಿಣದ ಗುಂಡುಗಳು ಇದ್ದವು. ದೂರದ ಸಣ್ಣ ಮರದ ಗೋಲಿಯ ಹತ್ತಿರಕ್ಕೆ ಗುಂಡು ಬೀಳಿಸುವ ಆಟ. ಇದರ ಹಳೇ ರೂಪದಲ್ಲಿ ಮುಂದೆ ಹೆಜ್ಜೆ ಹಾಕಿ ಎಸೆಯಬೇಕಿತ್ತು. ನೂರು ವರ್ಷದ ಹಿಂದೆ ಲಾ ಸಿಯೋತಾ ಊರಿನ ಜ್ಯೂಲ್ ಲೆನ್ವಾರ್ ಅನ್ನುವ ಒಳ್ಳೆಯ ಆಟಗಾರನಿಗೆ ಕೀಲುನೋವು ಬಂತಂತೆ, ಅವನಿಗೋಸ್ಕರ ನಿಯಮವನ್ನೇ ಬದಲಿಸಿ ಎಲ್ಲರೂ ಕಾಲು ಜೋಡಿಸಿ ನಿಂತಲ್ಲಿಂದಲೇ ಎಸೆಯತೊಡಗಿದರು ಅಂತ ಅಲ್ಲಿನವರು ಹೇಳುತ್ತಾರೆ. ಇದನ್ನು ನಾನು ಹೊರಡುವ ಮುಂಚೆ ಅಜ್ಜಿಗೆ ಹೇಳಿದ್ದೆ. ಮಗಳು ಕಳಿಸಿದ ವಿಡಿಯೊದಲ್ಲಿ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲು ಜೋಡಿಸಿ ನಿಂತಿದ್ದಾರೆ. ಗುಂಡು ಅಳಿಯನ ಗುಂಡಿಗೆ ಬಡಿದು ಅದನ್ನು ದೂರ ಹಾರಿಸುತ್ತದೆ. ಹಿಂದಿನಿಂದ ತಂಗಿಯ ದನಿ: "ಹಾಕೇ ಇನ್ನೊಂದು!"