ಜೋಳದ ಬೇರಿನ ಕೂಗು, ಸ್ಟ್ರೈಗಾದ ಕಿವಿ

1956ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಮೆಕ್ಕೆಜೋಳದ ಪೈರು ಯಾಕೆ ಸೊರಗುತ್ತಿದೆಯೆಂದು ಯಾರಿಗೂ ತಿಳಿಯದಿದ್ದಾಗ, ಬುಡದಲ್ಲಿದ್ದ ಗೇಣುದ್ದದ ಹೂಗಿಡವನ್ನು ಗುರುತಿಸಿದವನು ಭಾರತದಿಂದ ಓದಲು ಹೋಗಿದ್ದ ಒಬ್ಬ ವಿದ್ಯಾರ್ಥಿ. ಅದು ನಮ್ಮ ಜೋಳದ ಸೀಮೆಗೆ ಹೊಸದಲ್ಲದ ಸ್ಟ್ರೈಗಾ. ಧಾನ್ಯದ ಬೆಳೆಗಳ ಬೇರಿಗೆ ಬಾಯಿ ಹಚ್ಚಿ ನೀರನ್ನೂ ಸಾರವನ್ನೂ ಹೀರುವ ಪರಾವಲಂಬಿ ಕಳೆ. ಅಮೆರಿಕ ಸರ್ಕಾರ ದಿಗ್ಬಂಧನ ಹಾಕಿ, ಬೆಳೆಯಿಲ್ಲದಾಗಲೇ ಕಳೆಯ ಬೀಜ ಮೊಳೆತು ಸಾಯಲೆಂದು ಮಣ್ಣಿನೊಳಕ್ಕೆ ಎಥಿಲೀನ್ ಅನಿಲ ಹಾಯಿಸಿ, ದಶಕಗಟ್ಟಲೆ ಹಣ ಸುರಿದು, 4 ಲಕ್ಷ ಎಕರೆಗೂ ಮಿಕ್ಕಿ ಹರಡಿದ್ದ ಅದನ್ನು ಕೆಲವೇ ಸಾವಿರ ಎಕರೆಗೆ ಇಳಿಸಿತು. ಇದೇ ಕಳೆ ಕಾಡುವ ಆಫ್ರಿಕಾದ ಸಣ್ಣ ಹಿಡುವಳಿದಾರನಿಗೆ ಆ ದಾರಿ ಇರಲಿಲ್ಲ. ಅವನ ಕೈಯಲ್ಲಿದ್ದದ್ದು ತಿಪ್ಪೆಗೊಬ್ಬರ, ಕಾಳಿನ ಬೆಳೆ ಮತ್ತು ಹೊಲದಂಚಿನ ಮರ.

ಸ್ಟ್ರೈಗಾದ ಒಣಗಿದ ಕಾಯಿಯನ್ನು ಅಂಗೈಯಲ್ಲಿ ಉಜ್ಜಿದರೆ ನಶ್ಯದಂಥ ಕಂದು ಪುಡಿ ಉಳಿಯುತ್ತದೆ, ಅದೇ ಬೀಜ. ಒಂದೊಂದೂ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ಇರುವುದಿಲ್ಲ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಅವು ಹತ್ತು ವರ್ಷಕ್ಕೂ ಹೆಚ್ಚು ಕಾಲ ಮಣ್ಣಿನಲ್ಲಿ ಜೀವ ಹಿಡಿದು ಕಾಯಬಲ್ಲವು. ಕಳೆ ನೆಲದ ಮೇಲೆ ತಲೆ ಎತ್ತುವ ಹೊತ್ತಿಗೆ ಬೇರಿನಲ್ಲಿ ಆಗಬೇಕಾದ ಹಾನಿ ಬಹುಪಾಲು ಆಗಿಹೋಗಿರುತ್ತದೆ.

ಆದರೆ ಆ ಬೀಜ ತಾನಾಗಿ ಮೊಳೆಯದು, ಹತ್ತಿರದ ಬೇರಿನಿಂದ ಅದಕ್ಕೊಂದು ಸುಳಿವು ಸಿಗಬೇಕು. 1966ರಲ್ಲಿ ಹತ್ತಿಯ ಬೇರಿನ ಸ್ರಾವದಿಂದ ಸ್ಟ್ರೈಗಾಲ್ ಎಂಬ ಆ ರಾಸಾಯನಿಕವನ್ನು ಬೇರ್ಪಡಿಸಿದರೂ, ಸಸ್ಯ ತನ್ನ ಶತ್ರುವನ್ನೇ ಏಕೆ ಕರೆಯುತ್ತದೆ ಎಂಬುದು ಸುಮಾರು ನಾಲ್ಕು ದಶಕ ಒಗಟಾಗಿಯೇ ಉಳಿಯಿತು. 2005ರಲ್ಲಿ ಜಪಾನಿನ ವಿಜ್ಞಾನಿಗಳು ಅದನ್ನು ಬಿಡಿಸಿದರು: ಆ ಕರೆ ಶತ್ರುವಿಗಲ್ಲ, ಬೇರಿನೊಡನೆ ಬಾಳುತ್ತ ರಂಜಕವನ್ನು ತಂದುಕೊಡುವ ಮೈಕೊರೈಜಾ ಶಿಲೀಂಧ್ರಕ್ಕೆ. ಸ್ಟ್ರೈಗಾ ಅದನ್ನು ಕದ್ದು ಕೇಳಿಸಿಕೊಳ್ಳುತ್ತದೆ. ರಂಜಕ ಕಡಿಮೆಯಾದಷ್ಟೂ, ಜೋಳದಲ್ಲಾದರೆ ಸಾರಜನಕ ಕಡಿಮೆಯಾದಾಗಲೂ, ಬೇರು ಹೆಚ್ಚು ಜೋರಾಗಿ ಕೂಗುತ್ತದೆ. ಬಡವಾದ ಹೊಲದಲ್ಲೇ ಈ ಕಳೆ ಸೊಕ್ಕುತ್ತದೆ ಎಂಬ ರೈತರ ಹಳೆಯ ಗ್ರಹಿಕೆಗೆ ಇದರಿಂದ ಬುಡ ಸಿಕ್ಕಿತು.

ಕೊಟ್ಟಿಗೆ ಗೊಬ್ಬರ ಮತ್ತು ಕಾಂಪೋಸ್ಟ್ ಕೆಲಸ ಮಾಡುವುದು ಇಲ್ಲೇ. ಅವು ಬೇರಿನ ಹಸಿವನ್ನು ತಣಿಸಿ ಕೂಗನ್ನು ತಗ್ಗಿಸುತ್ತವೆ, ಜೊತೆಗೆ ಮಣ್ಣಿನ ಸೂಕ್ಷ್ಮಜೀವಿಗಳನ್ನು ಬೆಳೆಸುತ್ತವೆ. ಒಂದು ಎಚ್ಚರಿಕೆ ಮಾತ್ರ ಬೇಕು: ಕಳೆ ಮೇಯ್ದ ದನದ ಸಗಣಿಯಲ್ಲಿ ಬೀಜ ಸಾಯದೆ ಹೊರಬರಬಹುದಾದ್ದರಿಂದ, ಚೆನ್ನಾಗಿ ಕೊಳೆಯದ ಗೊಬ್ಬರ ಮದ್ದಾಗುವ ಬದಲು ಬಿತ್ತನೆಯೇ ಆದೀತು. ಪಶ್ಚಿಮ ಆಫ್ರಿಕಾದಲ್ಲಿ ಈ ಕಳೆಯನ್ನು ತಡೆಯಲು ಹೊಲದಂಚಿನ ಪಾರ್ಕಿಯಾ ಮರದ ಕಾಯಿಯ ತಿರುಳಿನ ಪುಡಿಯನ್ನು ಬಿತ್ತುವ ಬೀಜಕ್ಕೆ ಲೇಪಿಸುವ ಕ್ರಮವೂ ಇದೆ. ಗೊಬ್ಬರದಷ್ಟು ದೂರ ಅದರ ಪರಿಣಾಮ ಹೋಗುತ್ತದೆಂದು ನನಗನ್ನಿಸುವುದಿಲ್ಲ.

ಕೀನ್ಯಾದ ವಿಕ್ಟೋರಿಯಾ ಸರೋವರದ ದಡದ ಎಂಬಿಟಾದಲ್ಲಿ ನಡೆದದ್ದು ಆಕಸ್ಮಿಕ. ಕೀಟವಿಜ್ಞಾನಿ ಜಿಯಾವುರ್ ಖಾನ್ ಮತ್ತು ಸಂಗಡಿಗರು ಕಾಂಡಕೊರಕ ಹುಳುವಿನ ಪತಂಗವನ್ನು ಓಡಿಸಲೆಂದು ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಮ್ ಎಂಬ ದ್ವಿದಳ ಮೇವನ್ನು ಹಾಕಿದಾಗ ಸ್ಟ್ರೈಗಾವೂ ಕುಗ್ಗಿತು. ಅದರ ಬೇರು ಒಂದು ರಾಸಾಯನಿಕದಿಂದ ಕಳೆಯ ಬೀಜವನ್ನು ಮೊಳೆಸುತ್ತದೆ, ಇನ್ನೊಂದರಿಂದ ಆ ಮೊಳಕೆಯ ಬೇರು ಬೆಳೆಯದಂತೆ ತಡೆಯುತ್ತದೆ. ಅದರ ಮೇಲೆ ಸಾರಜನಕವನ್ನೂ ಮಣ್ಣಿಗೆ ಸೇರಿಸುತ್ತದೆ.

ಆದರೆ ಡೆಸ್ಮೋಡಿಯಮ್ ವರ್ಷವಿಡೀ ನಿಲ್ಲುವ ಬೆಳೆ, ನೀರು ಬೇಡುತ್ತದೆ; ಉತ್ತರ ಕರ್ನಾಟಕದ ಮಳೆಯಾಶ್ರಿತ ಹೊಲಕ್ಕೆ ಅದು ಸುಲಭವಾಗಿ ಒಗ್ಗದು. ಅಲ್ಲಿ ಹತ್ತಿ, ಅಲಸಂದೆ, ಶೇಂಗಾ ಇವೆ. ಇವುಗಳ ಬೇರೂ ಸ್ಟ್ರೈಗಾವನ್ನು ಕರೆಯುತ್ತದೆ, ಬಂದ ಮೇಲೆ ಊಟ ಹಾಕುವುದಿಲ್ಲ. ಮೊಳೆತ ಬೀಜ ಕೆಲವೇ ದಿನಗಳಲ್ಲಿ ಸಾಯುತ್ತದೆ. ಹಾಗೆ ಜೋಳದ ಮರುವರ್ಷ ಹತ್ತಿ ಬಿತ್ತುವ ರೈತ, 1966ರಲ್ಲಿ ಪ್ರಯೋಗಾಲಯ ಕಂಡುಕೊಂಡ ಅದೇ ಬೇರಿನ ಸ್ರಾವವನ್ನು ಹೊಲದ ತುಂಬ ಹರಡುತ್ತಿರುತ್ತಾನೆ.