ಒಂದೇ ತೂಕ ಎರಡು ಸಲ: ಆ್ಯಪ್ ಪರದೆಯ ಹಿಂದಿನ ಕಥೆ

2014ರ ಜನವರಿ. ಕೊಡಗಿನ ಸಿದ್ದಾಪುರದ ಹತ್ತಿರ ಚಿಕ್ಕಪ್ಪನ ತೋಟದಲ್ಲಿ ಸಂಜೆಯ ತೂಕ ನಡೆಯುತ್ತಿತ್ತು. ಕಾಫಿ ಹಣ್ಣಿನ ಚೀಲಗಳು ಒಂದೊಂದಾಗಿ ತಕ್ಕಡಿಗೆ ಏರುತ್ತಿದ್ದವು. ತೋಟದ ಲೆಕ್ಕ ಬರೆಯುವ ರೈಟರ್ ಕೈಯಲ್ಲಿ ನಾನು ಬರೆದುಕೊಟ್ಟ ಆ್ಯಪ್. ‘ಸೇರಿಸು’ ಒತ್ತಿದರು, ಏನೂ ಆಗಲಿಲ್ಲ. ಮತ್ತೆ ಒತ್ತಿದರು. 42 ಕೆ.ಜಿ. ಎರಡು ಸಲ ಕೂತಿತ್ತು. ಕೂಲಿ ಕೊಡುವುದೇ ಕೆ.ಜಿ. ಲೆಕ್ಕದಲ್ಲಿ. ಬಟವಾಡೆಯ ದಿನ ಪುಸ್ತಕಕ್ಕೂ ಫೋನಿಗೂ ತಾಳೆಯಾಗಲಿಲ್ಲ.

ಒಮ್ಮೆ ಒತ್ತಿದ ಗುಂಡಿಯನ್ನು ನಾನು ತಡೆದಿಡಬೇಕಿತ್ತು, ಆ ತಪ್ಪು ನನ್ನದೇ. ಆದರೆ ಆ ತಡ ಬಂದಿದ್ದು ಎಲ್ಲಿಂದ?

ನನ್ನದು ಹೈಬ್ರಿಡ್ ಆ್ಯಪ್. ಅಂದರೆ ವೆಬ್ ಪುಟ ಬರೆದು, ಅದನ್ನು ಆ್ಯಪ್ ಒಳಗೆ ಕೂತ ಚಿಕ್ಕ ಬ್ರೌಸರಿನಲ್ಲಿ ತೋರಿಸುವುದು. ಅದಕ್ಕೆ ವೆಬ್‌ವ್ಯೂ ಅಂತಾರೆ. ಆಗಿನ ಮೊಬೈಲ್ ಬ್ರೌಸರುಗಳು ಬೆರಳು ತಟ್ಟಿದ ಮೇಲೆ ಸುಮಾರು 300 ಮಿಲಿಸೆಕೆಂಡು ಕಾಯುತ್ತಿದ್ದವು. ಇನ್ನೊಂದು ಸಲ ತಟ್ಟಿದರೆ ಪುಟವನ್ನು ದೊಡ್ಡದು ಮಾಡಬೇಕಲ್ವಾ, ಅದಕ್ಕೆ. ಅದರ ಮೇಲೆ ನನ್ನ ಜಾವಾಸ್ಕ್ರಿಪ್ಟ್, ಅಂದರೆ ವೆಬ್ ಪುಟವನ್ನು ಕೆಲಸ ಮಾಡಿಸುವ ಕೋಡ್, ಇಡೀ ದಿನದ ಪಟ್ಟಿಯನ್ನು ಹೊಸದಾಗಿ ಬರೆಯುತ್ತಿತ್ತು. ಅದು ಮುಗಿಯುವ ತನಕ ಪರದೆ ಅಲ್ಲಾಡುತ್ತಿರಲಿಲ್ಲ.

ನೇಟಿವ್ ಆ್ಯಪ್ ಅಂದರೆ ಆಯಾ ಫೋನಿಗೆಂದೇ ನೇರವಾಗಿ ಬರೆದದ್ದು. ಅದರಲ್ಲಿ ಈ ನಡುವಿನ ಬ್ರೌಸರೇ ಇಲ್ಲ. ಗುಂಡಿ, ಪಟ್ಟಿ ಎಲ್ಲವೂ ಫೋನಿನದೇ.

ಹಾಗಾದರೆ ಹೈಬ್ರಿಡ್ ಯಾಕೆ ಹುಟ್ಟಿತು? 2007ರಲ್ಲಿ ಐಫೋನ್ ಬಂದಾಗ ಹೊರಗಿನವರು ಆ್ಯಪ್ ಬರೆಯುವ ಹಾಗಿರಲಿಲ್ಲ, ವೆಬ್ ಪುಟ ಮಾಡಿ ಅಂದಿತ್ತು ಆಪಲ್. 2008ರಲ್ಲಿ ಆ್ಯಪ್ ಸ್ಟೋರ್ ತೆರೆಯಿತು, ಅದೇ ವರ್ಷ ಆಂಡ್ರಾಯ್ಡ್ ಮಾರ್ಕೆಟ್ಟೂ (ಈಗಿನ ಪ್ಲೇ ಸ್ಟೋರ್) ಬಂತು. ಐಫೋನಿಗೆ ಬರೆಯುವ ಭಾಷೆ ಆಬ್ಜೆಕ್ಟಿವ್-ಸಿ, ಆಂಡ್ರಾಯ್ಡಿಗೆ ಜಾವಾ. ಒಂದೇ ಕೆಲಸವನ್ನು ಎರಡು ಸಲ ಮಾಡಬೇಕು. ಈ ಕಷ್ಟ ತಪ್ಪಿಸಲು ಬಂದಿದ್ದೇ ಫೋನ್‌ಗ್ಯಾಪ್: ಒಂದೇ ವೆಬ್ ಪುಟವನ್ನು ಎರಡೂ ಕಡೆಗೆ ಆ್ಯಪ್ ಮಾಡಿಕೊಡುವ ಸಲಕರಣೆ. 2011ರಲ್ಲಿ ಅದನ್ನು ಮಾಡಿದ ಕಂಪನಿಯನ್ನು ಅಡೋಬಿ ಕೊಂಡಿತು, ಕೋಡ್ ಅಪಾಚೆ ಸಂಸ್ಥೆಯ ಕಾರ್ಡೋವಾ ಆಯಿತು. ವೆಬ್ ಪುಟ ಬರೆಯುವ ಎಚ್‌ಟಿಎಂಎಲ್ ಮಾತ್ರ ಗೊತ್ತಿದ್ದ ನನ್ನಂಥವರಿಗೆ ಅದು ದೊಡ್ಡ ಉಪಕಾರ. ಈಗಲೂ ಹಾಗೇ ಹೇಳುತ್ತೇನೆ.

2012ರಲ್ಲಿ ಗಾಳಿ ತಿರುಗಿತು. ಫೇಸ್‌ಬುಕ್ ತನ್ನ ಐಫೋನ್ ಆ್ಯಪನ್ನು ನೇಟಿವ್ ಆಗಿ ಹೊಸದಾಗಿ ಬರೆಯಿತು. ಎಚ್‌ಟಿಎಂಎಲ್5 ಅನ್ನು ಅತಿಯಾಗಿ ನಂಬಿದ್ದು ಕಂಪನಿ ಮಾಡಿದ ಅತಿ ದೊಡ್ಡ ತಪ್ಪು ಅಂತ ಜುಕರ್‌ಬರ್ಗ್ ಬಹಿರಂಗವಾಗಿ ಒಪ್ಪಿಕೊಂಡರು. ಅದೇ ಫೇಸ್‌ಬುಕ್ 2015ರಲ್ಲಿ ರಿಯಾಕ್ಟ್ ನೇಟಿವ್ ಕೊಟ್ಟಿತು: ಬರೆಯುವುದು ಜಾವಾಸ್ಕ್ರಿಪ್ಟಿನಲ್ಲಿ, ಕಾಣುವುದು ಫೋನಿನ ಸ್ವಂತ ಗುಂಡಿ. 2018ರ ಕೊನೆಗೆ ಗೂಗಲ್‌ನ ಫ್ಲಟರ್ 1.0 ಬಂತು. ಅದು ವೆಬ್‌ವ್ಯೂ, ಫೋನಿನ ಸ್ವಂತ ಗುಂಡಿ ಎರಡನ್ನೂ ಬಿಟ್ಟು, ಪರದೆಯ ಗುಂಡಿ, ಅಕ್ಷರ ಎಲ್ಲವನ್ನೂ ತಾನೇ ಬಿಡಿಸುತ್ತದೆ.

ಅಷ್ಟರಲ್ಲಿ ವೆಬ್‌ವ್ಯೂ ಕೂಡ ಸುಧಾರಿಸಿತ್ತು. ಆಂಡ್ರಾಯ್ಡ್ 5ರಿಂದ ಅದು ಪ್ಲೇ ಸ್ಟೋರ್ ಮೂಲಕವೇ ಅಪ್‌ಡೇಟ್ ಆಗುತ್ತದೆ. ನಮ್ಮ ರೈಟರ್ ಫೋನಿನದು ಆಂಡ್ರಾಯ್ಡ್ 4.2. ಕೊಂಡ ದಿನದ ವೆಬ್‌ವ್ಯೂ ಕೊನೆವರೆಗೂ ಹಾಗೇ ಇತ್ತು.

ನಮ್ಮೂರಲ್ಲಿ ಜಾಸ್ತಿ ಕೇಳುವ ಪ್ರಶ್ನೆ, “ಹೈಬ್ರಿಡ್ ಆದರೆ ನೆಟ್ ಇರಲೇಬೇಕಲ್ವಾ?” ಮಳೆಗಾಲದಲ್ಲಿ ಕರೆಂಟ್ ಹೋಗಿ, ಹಿಂದೆಯೇ ಸಿಗ್ನಲ್ಲೂ ಹೋಗುವ ಕೊಡಗಿನಲ್ಲಿ ಇದು ನಿಜವಾದ ಚಿಂತೆ. ಉತ್ತರ, ಬೇಕಿಲ್ಲ. ಪುಟಗಳನ್ನು ಆ್ಯಪ್ ಜೊತೆಗೇ ಕಟ್ಟಿ ಕೊಡಬಹುದು. ಲೆಕ್ಕವನ್ನು ಫೋನಿನಲ್ಲೇ ಉಳಿಸಿ ಆಮೇಲೆ ಕಳಿಸುವುದು ಬೇರೆ ಕೆಲಸ, ನೇಟಿವ್ ಆದರೂ ಅದನ್ನು ಕೂತು ಮಾಡಲೇಬೇಕು.

ಬೆಳಿಗ್ಗೆ ಒಂದು ಸಲ ಮಳೆಯ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಬರೆದಿಡಲು, ಹೋಮ್‌ಸ್ಟೇ ರೂಮು ತೋರಿಸಲು ನಾನು ಇವತ್ತಿಗೂ ಹೈಬ್ರಿಡ್ಡೇ ಆರಿಸುತ್ತೇನೆ. ಅಲ್ಲಿ ಎರಡೆರಡು ಸಲ ಬರೆಯುವ ಖರ್ಚು ಸುಮ್ನೆ ದಂಡ. ತೂಕದ ಆ್ಯಪ್ ಹಾಗಲ್ಲ. ಹಣ್ಣಿನ ಅಂಟು ಮೆತ್ತಿದ ಬೆರಳು, ಕತ್ತಲಾಗುತ್ತಿರುವ ಕಣ, ಸಾಲಿನಲ್ಲಿ ಕಾಯುವ ಜನ.

ಅದನ್ನು ಮುಂದಿನ ಕೊಯ್ಲಿಗೆ ಜಾವಾದಲ್ಲಿ ಬರೆದೆ. ಒತ್ತಿದ ತಕ್ಷಣ ಗುಂಡಿ ಮಂಕಾಗುತ್ತದೆ, ಫೋನು ಸಣ್ಣಗೆ ಅದುರುತ್ತದೆ. ರೈಟರ್ ಪರದೆಯನ್ನು ನೋಡದೆಯೇ ಮುಂದಿನ ಚೀಲ ಕರೆಯುತ್ತಾರೆ.